ಒಂದು ಕಣವೂ ಉಳಿಯದಂತೆ

ಉಳಿದ ಕಡತಗಳು: ಸೊನ್ನೆ — ಎಂಥ ದುಂಡನೆಯ ಸೊನ್ನೆ, ಕಪ್ಪು ಪರದೆಯ ಮೇಲೆ ಹಸಿರಾಗಿ, ಈಗ ತಾನೇ ಎಣ್ಣೆ ಕಂಡ ಬಾಬಿನ್ನಿನ ಹಾಗೆ ಮಿನುಗುತ್ತಿದೆ, ಇದೊಂದು ಸೊನ್ನೆಗಾಗಿ ಐದು ವಾರ ಬೆವರು, ಆರು ಸಲ ತಿರಸ್ಕಾರ, ಈಗೇನಂತೀಯಪ್ಪ ಎಂದು ಅವನು ಅಳತೆಗೋಲು ಎಂಬ ಹೆಸರಿನ, ಎದುರಿಗಿಲ್ಲದ ಪರಿಶೀಲಕನನ್ನು ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ, ಕುರ್ಚಿ ಕಿರ್ರೆಂದಿತು, ಊರಿನ ಅರ್ಧ ಹೊಲಿಗೆ ಯಂತ್ರಗಳ ಕಿರ್ರನ್ನು ನಿಲ್ಲಿಸಿದವನಿಗೆ ಸ್ವಂತ ಕುರ್ಚಿಯದನ್ನು ನಿಲ್ಲಿಸಲು ಹತ್ತು ವರ್ಷದಿಂದ ಪುರಸೊತ್ತಾಗಿಲ್ಲ, ಭಾನುವಾರ, ರಿಪೇರಿ ಅಂಗಡಿಗೆ ಬೀಗ, ಮಧ್ಯಾಹ್ನ ಎರಡೂ ಹತ್ತು, ಕಿಟಕಿಯ ಬಿಸಿಲು ಮೇಜಿನ ಮೇಲಿನ ಸ್ಕ್ರೂಡ್ರೈವರುಗಳ ಮೇಲೆ ಬಿದ್ದಿದೆ, ನಡುಮನೆಯಿಂದ ಹೆಂಡತಿಯ ಧ್ವನಿ — ಮಾನ್ಯ ಮುಖ್ಯೋಪಾಧ್ಯಾಯಿನಿಯವರೇ, ನನ್ನ ನೆಚ್ಚಿನ ಸಹೋದ್ಯೋಗಿಗಳೇ, ಹನ್ನೊಂದು ತಿಂಗಳ ಹಿಂದೆ ಈ ನದಿಗೆ ಎರಡು ದಡಗಳು ಮಾತ್ರ ಇದ್ದವು — ಅಲ್ಲ, ಎರಡು ದಡ ಎಲ್ಲಾ ನದಿಗೂ ಇರುತ್ತೆ, ಇದು ಸರಿಯಾಗಲ್ಲ, ಎಂದು ತನ್ನನ್ನೇ ತಿದ್ದಿಕೊಂಡು ಮತ್ತೆ ಮಾನ್ಯದಿಂದ ಶುರು ಮಾಡುತ್ತಾಳೆ, ಶಾಲೆಯಲ್ಲಿ ರೇಖಾಗಣಿತ ಹೇಳಿಕೊಡುವವಳು, ಭಾಷಣದಲ್ಲೂ ಸುಳ್ಳು ಹೇಳಿಕೆಯನ್ನು ಸಹಿಸುವುದಿಲ್ಲ. ಸಹಿಸುವುದಿಲ್ಲ ಎಂದರೆ ಅಳತೆಗೋಲೂ ಸಹಿಸುವುದಿಲ್ಲ, ಮುಖ ಕಂಡವರಿಲ್ಲ, ಯಾವ ದೇಶದವನೋ ಗಂಡೋ ಹೆಣ್ಣೋ, ಮೇಲ್‌ನಲ್ಲಿ ಬರುತ್ತಾನೆ, ಎರಡು ಸಾಲು ಬರೆಯುತ್ತಾನೆ, ಹೋಗುತ್ತಾನೆ, ಆ ಎರಡು ಸಾಲಿಗೆ ಇವನ ಒಂದು ವಾರ ಹೋಗುತ್ತದೆ. ಆದರೆ ಕೆಲಸವೇ ಅಂಥದ್ದು, ಯಾರೋ ಎಲ್ಲೋ ಒಂದು ಆಟ ಬರೆದಿದ್ದಾರೆ, ಹತ್ತಾರು ಜನ ಒಟ್ಟಿಗೆ ಕೂತು ಕಲ್ಲು ಮಣ್ಣು ಅಗೆದು ಮನೆ ಕಟ್ಟುವ ಆಟ, ಅದನ್ನು ನಡೆಸಲು ಒಂದು ಸರ್ವರ್, ಅದು ಓಡುವುದು ಬೇರೆ ಥರದ ಕಂಪ್ಯೂಟರುಗಳಲ್ಲಿ, ಇವನು ಮೆಚ್ಚಿಕೊಂಡಿರುವ ಯೂನಿಕ್ಸ್ ವಂಶದ ಈ ಕಾರ್ಯಾಚರಣೆ ವ್ಯವಸ್ಥೆಯನ್ನು ಬಳಸುವವರು ಲೋಕದಲ್ಲಿ ಒಂದು ಮದುವೆ ಛತ್ರ ತುಂಬುವಷ್ಟು ಮಂದಿ, ಅವರಿಗಾಗಿ ಆ ಸರ್ವರನ್ನು ಒಗ್ಗಿಸಿ, ಯಾವುದು ಎಲ್ಲಿರಬೇಕೋ ಅಲ್ಲಿಟ್ಟು, ಒಂದು ಪೊಟ್ಟಣ, ಅಂದರೆ ಪ್ಯಾಕೇಜ್, ಕಟ್ಟಬೇಕು, ಒಂದು ಕಮಾಂಡಿಗೆ ಬಂದು ಕೂರಬೇಕು, ಇನ್ನೊಂದು ಕಮಾಂಡಿಗೆ ಎದ್ದು ಹೋಗಬೇಕು, ಎದ್ದು ಹೋದಾಗ ಹಿಂದೆ ಒಂದು ಕಣವೂ ಉಳಿಯಬಾರದು. ಅದು ನಿಯಮ. ಆರನೇ ತಿರಸ್ಕಾರದಲ್ಲಿ ಅಳತೆಗೋಲು ಬರೆದದ್ದೂ ಅದೇ, ಪ್ಯಾಕೇಜ್ ತೆಗೆದ ಮೇಲೆ ಒಂದು ಫೋಲ್ಡರ್ ಉಳಿಯುತ್ತಿದೆ, ಸರಿಪಡಿಸಿ. ಸರಿಪಡಿಸಿದ. ಶುಕ್ರವಾರ ಒಂದೇ ಸಾಲು ಸೇರಿಸಿದ, ಹೋಗುವಾಗ ಆ ಫೋಲ್ಡರನ್ನೂ ಗುಡಿಸಿಕೊಂಡು ಹೋಗು ಎಂದು, ಇವತ್ತು ಪರೀಕ್ಷೆ ಮಾಡಿದ, ಸೊನ್ನೆ.

ಮೇಲ್ ಬರೆಯಲು ಕೂತ, ಮಾನ್ಯರೇ, ತಮ್ಮ ಆರನೇ ಆಕ್ಷೇಪಣೆಯಂತೆ — ಮಾನ್ಯರೇ ಎನ್ನುವುದು ನಡುಮನೆಯಿಂದ ಅಂಟಿಕೊಂಡದ್ದು ಎಂದು ನಗು ಬಂತು, ನಗುತ್ತಲೇ ಆ ಸೊನ್ನೆಯನ್ನು ಮೇಲ್‌ಗೆ ಅಂಟಿಸೋಣವೆಂದು ಮತ್ತೆ ಕಪ್ಪು ಪರದೆಯತ್ತ ನೋಡಿದ, ಸೊನ್ನೆಯ ಎಡಗಡೆ ಯಂತ್ರದ ಹೆಸರು ಬರೆದಿರುತ್ತದೆ, ಪರೀಕ್ಷೆಯ ಹಳೇ ಪೆಟ್ಟಿಗೆಗೆ ಅವನಿಟ್ಟ ಹೆಸರು ಹಿತ್ತಿಲು, ದಿನವೂ ಓಡುವುದಕ್ಕೆ ಮನೆ, ಇಲ್ಲಿ ಬರೆದಿರುವುದು ಮನೆ. ಹೌದು ಮನೆಯೇ, ಅದೇನು ಕಣ್ತಪ್ಪಲ್ಲ, ಹಿತ್ತಿಲಿನ ಫ್ಯಾನು ಗುರುವಾರ ಕೆಟ್ಟಿದೆ, ಮುಚ್ಚಳ ಬಿಚ್ಚಿಕೊಂಡು ಮೂಲೆಯಲ್ಲಿ ಕೂತಿದೆ, ಅದಕ್ಕೇ ಬೆಳಿಗ್ಗೆಯೇ ಯೋಚಿಸಿದ್ದ, ಊಟವಾದ ಮೇಲೆ ಮನೆಯಲ್ಲೇ ಸರ್ವರನ್ನು ಎರಡು ನಿಮಿಷ ನಿಲ್ಲಿಸಿ, ಪ್ಯಾಕೇಜ್ ತೆಗೆದು, ನೋಡಿ, ಮತ್ತೆ ಹಾಕಿದರಾಯಿತು, ಹೆಂಡತಿಗೆ ತಿಳಿಯುವುದೂ ಇಲ್ಲ, ಆಟದಲ್ಲಿ ಅವಳು ಕಟ್ಟಿದ ಊರು ಎಲ್ಲಿ ಹೋಗುತ್ತದೆ, ಪ್ಯಾಕೇಜ್ ತೆಗೆದರೆ ಹೋಗುವುದು ಆಟದ ಯಂತ್ರಾಂಗ ಮಾತ್ರ, ಜನ ಕಟ್ಟಿದ ಊರು ಅದರದೇ ಫೋಲ್ಡರಿನಲ್ಲಿ ತಣ್ಣಗೆ ಇರುತ್ತದೆ, ಆ ಫೋಲ್ಡರನ್ನು ಯಾರೂ ಮುಟ್ಟುವುದಿಲ್ಲ — ಆ ಫೋಲ್ಡರ್ — ಆ ಉಳಿಯುತ್ತಿದ್ದ ಫೋಲ್ಡರ್. ಖಾಲಿ ಇದ್ದರೆ ಮಾತ್ರ ತೆಗೆ ಎಂದು ಬರೆಯಬೇಕಿತ್ತು, ಹಿತ್ತಿಲಿನಲ್ಲಿ ಅದು ಯಾವಾಗಲೂ ಖಾಲಿಯೇ, ಅಲ್ಲಿ ಯಾರು ಊರು ಕಟ್ಟಿದ್ದಾರೆ, ಅವನು ಬರೆದದ್ದು ತೆಗೆ ಎಂದಷ್ಟೇ, ಏನಿದ್ದರೂ ತೆಗೆ, ಈ ವ್ಯವಸ್ಥೆಯ ಹೆಮ್ಮೆಯೇ ಅದು, ಹೇಳಿದ್ದನ್ನು ಮಾಡುತ್ತದೆ, ಖಚಿತವೇ ಎಂದು ಕೇಳಿ ತಲೆ ತಿನ್ನುವುದಿಲ್ಲ, ಕಸದ ಬುಟ್ಟಿ ಗಿಸದ ಬುಟ್ಟಿ ಎಂದು ಇಟ್ಟುಕೊಳ್ಳುವುದಿಲ್ಲ, ಬೇರೆ ವ್ಯವಸ್ಥೆಗಳೆಲ್ಲ ಹೆದರುಪುಕ್ಕಲು ಎಂದು ಅಂಗಡಿಗೆ ಬಂದ ದರ್ಜಿಗಳ ಮುಂದೆಲ್ಲ ಕೊಚ್ಚಿಕೊಂಡಿದ್ದಾನೆ, ದರ್ಜಿಗಳು ಸೂಜಿ ಸರಿಯಾಯ್ತಾ ಎಂದು ಕೇಳುತ್ತಾರೆ. ಫೋಲ್ಡರ್ ಇದೆಯೇ ಎಂದು ನೋಡಿದ, ಇಲ್ಲ, ಅಕ್ಷರ ತಪ್ಪಿರಬಹುದು ಎಂದು ಇನ್ನೊಮ್ಮೆ ನೋಡಿದ, ಇಲ್ಲ, ಬೇರೆ ಕಿಟಕಿ ತೆರೆದು ನೋಡಿದ, ಅಲ್ಲೇನು ಬೇರೆ ಲೋಕವಿರುತ್ತದೆಯೇ, ಇಲ್ಲ.

ನಾಲ್ಕು ಗಂಟೆಗೆ ಆ ಊರಿನ ಸೇತುವೆಯ ಉದ್ಘಾಟನೆ. ಇದನ್ನು ನೆನೆಸಿಕೊಳ್ಳಬಾರದು ಎಂದುಕೊಂಡಷ್ಟೂ ನೆನಪಾಗುತ್ತದೆ, ಎರಡು ವರ್ಷದ ಹಿಂದೆ ಅವಳು ಶಾಲೆಯ ಗ್ರಂಥಾಲಯದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದಳು, ಆರು ತಿಂಗಳು, ಛಾವಣಿಯ ಬಿರುಕುಗಳನ್ನೆಲ್ಲ ಕೋನ ಅಳೆದು ಮುಗಿಸಿದ್ದಳು, ಆಗ ಇವನೇ ಈ ಆಟ ಹಾಕಿಕೊಟ್ಟು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟದ್ದು, ಪ್ರೀತಿಯಿಂದ ಎಂದು ಅವಳು ಇವತ್ತಿಗೂ ಎಲ್ಲರಿಗೂ ಹೇಳುತ್ತಾಳೆ, ಇವನೂ ಹೇಳಲು ಬಿಡುತ್ತಾನೆ, ನಿಜಕ್ಕೂ ಪ್ಯಾಕೇಜನ್ನು ಪರೀಕ್ಷಿಸಲು ಒಂದು ಜೀವ ಬೇಕಿತ್ತು, ಸುಮ್ನೆ ಏನಾದ್ರೂ ಕಟ್ತಾ ಇರು, ಸರ್ವರ್ ಬಿದ್ರೆ ಕೂಗಿ ಹೇಳು. ಅವಳು ಕೂಗಲಿಲ್ಲ, ಕಟ್ಟಿದಳು. ನೋಡಲು ಬಂದ ಚಿತ್ರಕಲೆ ಮೇಡಂ ಹಣ್ಣಿನ ಚೀಲ ಕೆಳಗಿಟ್ಟು, ಇದೇನ್ರೀ ಇದು ಎಂದು ಪಕ್ಕದಲ್ಲಿ ಕೂತವರು ಸಂಜೆವರೆಗೂ ಏಳಲಿಲ್ಲ, ಮರುದಿನ ವಿಜ್ಞಾನದ ಮೇಡಂ, ಆಮೇಲೆ ಇಡೀ ಸ್ಟಾಫ್ ರೂಮು, ಕಾಲು ಕೂಡಿಕೊಂಡಿತು, ಊರು ಬೆಳೆಯಿತು, ನದಿಯ ಈಚೆ ಪೇಟೆ ಆಚೆ ತೋಟ, ಒಂದೂ ಸೊಟ್ಟ ಗೋಡೆಯಿಲ್ಲವಂತೆ, ಒಂದ್ಸಲ ಬಂದು ನೋಡ್ರಿ ಎಂದು ಎಷ್ಟೋ ಸಲ ಕರೆದಳು, ನೋಡೋಣ, ಈ ಆವೃತ್ತಿ ಒಂದು ಹೊರಗೆ ಹೋಗಲಿ ಎನ್ನುತ್ತಿದ್ದ, ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಈಗ ಹನ್ನೊಂದು ತಿಂಗಳು ಹತ್ತು ಮಂದಿ ಸೇರಿ ಸೇತುವೆ ಕಟ್ಟಿ ಮುಗಿಸಿದ್ದಾರೆ, ಇವತ್ತು ಮುಖ್ಯೋಪಾಧ್ಯಾಯಿನಿ ಬಂದು ಟೇಪು ಕತ್ತರಿಸಿ ಮೊದಲು ದಾಟುವುದು, ಅವರಿಗೆ ಅದಕ್ಕಾಗಿ ಒಂದು ವಾರ ನಡೆಯಲು ಹೇಳಿಕೊಟ್ಟಿದ್ದಾರೆ, ಮುಂದಕ್ಕೆ ಹೋಗಿ ಮೇಡಂ ಎಂದರೆ ಹಿಂದಕ್ಕೆ ಹೋಗುತ್ತಾರೆ, ಹಿಂದಕ್ಕೇ ಹೋಗಲಿ ಬಿಡ್ರಿ, ಆಚೆ ದಡದಿಂದ ಹತ್ತಿಸೋಣ ಎಂದು ವಿಜ್ಞಾನದ ಮೇಡಂ ಉಪಾಯ ಹೇಳಿದ್ದನ್ನು ನೆನೆದು ಇವಳು ನಿನ್ನೆ ಊಟದ ಹೊತ್ತಿಗೆ ನೆತ್ತಿಗೇರುವ ಹಾಗೆ ನಕ್ಕಿದ್ದಳು, ಹಾಗೆ ನಕ್ಕದ್ದನ್ನು ಅವನು ನೋಡಿ ಬಹಳ ದಿನವಾಗಿತ್ತು. ಆ ಸೇತುವೆಯನ್ನು ಅವನು ಅರ್ಧ ಸೆಕೆಂಡಿನಲ್ಲಿ ಗುಡಿಸಿದ್ದಾನೆ, ಆಣೆಕಟ್ಟೆ ಒಡೆದಿದ್ದರೂ ಅಷ್ಟು ಚೊಕ್ಕಟವಾಗಿ ಹೋಗುತ್ತಿರಲಿಲ್ಲ.

ಬ್ಯಾಕಪ್ ಇದೆ. ಅಯ್ಯೋ ದಡ್ಡ, ಬ್ಯಾಕಪ್ ಇದೆಯಲ್ಲ, ಪ್ರತಿ ಬೆಳಿಗ್ಗೆ ಆರಕ್ಕೆ ಊರಿನ ನಕಲು ತೆಗೆದು ಇನ್ನೊಂದು ಡಿಸ್ಕಿಗೆ ಹಾಕುವಂತೆ ಅವನೇ ಬರೆದಿಟ್ಟದ್ದು, ಹಾಕಿ ಮೇಲ್ ಕಳಿಸುತ್ತದೆ, ನಕಲು ಯಶಸ್ವಿ, ಇವತ್ತಿನದೂ ಇದೆ, ನಕಲು ಯಶಸ್ವಿ, ಬೆನ್ನ ಮೇಲಿನ ಬೆವರು ತಣ್ಣಗಾಯಿತು, ಎದ್ದು ನೀರು ಕುಡಿದು ಬಂದು ಕೂತು ಇವತ್ತಿನ ನಕಲನ್ನು ತೆರೆದ, ಒಳಗೆ ಏನೂ ಇಲ್ಲ. ನಿನ್ನೆಯದು, ಏನೂ ಇಲ್ಲ. ಮೊನ್ನೆಯದು. ಬಾಗಿಲಲ್ಲಿ ಹೆಂಡತಿ ನಿಂತಿದ್ದಾಳೆ, ಕೈಯಲ್ಲಿ ಭಾಷಣದ ಚೀಟಿ, ಮೂಗಿನ ಮೇಲೆ ಕನ್ನಡಕ, ರೀ, ದಡಗಳಿದ್ದವು ಅನ್ನೋದಕ್ಕಿಂತ ದಡಗಳಿಗೆ ಪರಿಚಯವಿರಲಿಲ್ಲ ಅಂದ್ರೆ ಹೇಗಿರುತ್ತೆ? ಚೆನ್ನಾಗಿರುತ್ತೆ. ನಿಮ್ಮ ಮುಖ ಯಾಕೆ ಹೀಗಾಗಿದೆ? ಬಿಸಿಲು. ಸರ್ವರ್ ಸರಿಯಾಗಿದೆ ತಾನೇ, ಇವತ್ತೊಂದು ದಿನ ಅದರ ತಂಟೆಗೆ ಹೋಗ್ಬೇಡಿ. ಹ್ಞೂಂ ಎಂದ, ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಹೇಳಿದ ಅತಿ ಚಿಕ್ಕ ಸುಳ್ಳು, ತೂಕ ನೋಡಿದರೆ ಅದೇ ದೊಡ್ಡದು, ಈಗಲೇ ಹೇಳಿಬಿಡು ಎಂದು ಒಳಗೊಬ್ಬ ತಿವಿದ, ಬಾಯಿ ತೆರೆದ, ದಡಗಳಿಗೆ ಪರಿಚಯವಿರಲಿಲ್ಲ, ಚೆನ್ನಾಗಿದೆ ಎಂದು ಇನ್ನೊಮ್ಮೆ ಹೇಳಿದ, ಅವಳು ಅನುಮಾನದಿಂದ ಕನ್ನಡಕದ ಮೇಲಿನಿಂದ ನೋಡಿ ಹೋದಳು. ಯಾಕೆ ಖಾಲಿ, ಯಾಕೆ ಖಾಲಿ, ಮೇಲ್‌ಗಳನ್ನು ಹಿಂದಕ್ಕೆ ತಿರುವಿದ, ಒಂದೊಂದೇ ನಕಲು ತೆರೆದ, ಇಪ್ಪತ್ಮೂರು ದಿನ ಸಾಲಾಗಿ ನಕಲು ಖಾಲಿ, ವರದಿ ಯಶಸ್ವಿ ಯಶಸ್ವಿ ಯಶಸ್ವಿ, ಆಮೇಲೆ ನೆನಪಾಯಿತು, ಮೂರನೇ ತಿರಸ್ಕಾರ, ಆಟದ ದತ್ತಾಂಶ ಈ ಜಾಗದಲ್ಲಿ ಇರುವಂತಿಲ್ಲ, ಅದಕ್ಕೆ ನಿಗದಿಯಾದ ಜಾಗವಿದೆ, ಸರಿಪಡಿಸಿ, ಸರಿಪಡಿಸಿದ, ಊರನ್ನು ಹಳೇ ಜಾಗದಿಂದ ಹೊಸ ಜಾಗಕ್ಕೆ ಸಾಗಿಸಿದ, ಬ್ಯಾಕಪ್ಪಿಗೆ ಹೇಳುವುದನ್ನು ಮರೆತ, ಅದು ಪಾಪ ಪ್ರತಿ ಬೆಳಿಗ್ಗೆ ಆರಕ್ಕೆ ಖಾಲಿ ಮನೆಯ ಬಾಗಿಲಿಗೆ ಹೋಗಿ, ಒಳಗಿರುವ ಏನೂ ಇಲ್ಲವನ್ನು ಜೋಪಾನವಾಗಿ ಎತ್ತಿಕೊಂಡು ಬಂದು, ಯಶಸ್ವಿ ಎಂದು ವರದಿ ಒಪ್ಪಿಸಿದೆ. ಬೈಯಲು ಯಾರೂ ಸಿಗಲಿಲ್ಲ, ಅಳತೆಗೋಲನ್ನು ಬೈಯೋಣವೆಂದರೆ ಅವನು ಹೇಳಿದ್ದು ಎರಡೂ ಸಲ ಸರಿ. ಇಪ್ಪತ್ನಾಲ್ಕನೇ ನಕಲನ್ನು ಕಣ್ಣು ಮುಚ್ಚಿಕೊಂಡೇ ತೆರೆದ. ಒಳಗೆ ಊರಿತ್ತು.

ಪ್ಯಾಕೇಜನ್ನು ಮತ್ತೆ ಹಾಕಿದ, ಊರನ್ನು ನಕಲಿನಿಂದ ವಾಪಸು ತರಲು ಹೇಳಿದ, ನಿಧಾನದ ಹಳೇ ಡಿಸ್ಕು, ಶೇಕಡಾ ಎರಡು, ಶೇಕಡಾ ಮೂರು, ಗಂಟೆ ಎರಡೂ ಮುಕ್ಕಾಲು ಆಗಿದೆ, ಕಾಯುವಾಗ ಕೈ ಸುಮ್ಮನಿರುವುದಿಲ್ಲ, ಶುಕ್ರವಾರದ ಆ ಸಾಲನ್ನು ತೆರೆದು ನೋಡಿದ, ಒಂದೇ ಸಾಲು, ಎಷ್ಟು ನೀಟಾಗಿ ಬರೆದಿದ್ದಾನೆ, ಇದು ಅಳತೆಗೋಲಿನ ಕಣ್ಣು ದಾಟಿ ಹೊರಗೆ ಹೋಗಿದ್ದರೆ ಒಂದು ಮದುವೆ ಛತ್ರದಷ್ಟು ಜನರ ಊರುಗಳು, ಯಾರ್‍ಯಾರ ಸೇತುವೆಗಳೋ, ಸಾಲನ್ನು ಅಳಿಸಿದ, ಮೇಲ್‌ನ ಮಾನ್ಯರೇಯ ಕೆಳಗೆ ಬರೆದ, ತಾವು ಹೇಳಿದ ಫೋಲ್ಡರನ್ನು ತೆಗೆಯುವುದಿಲ್ಲ, ಅದರಲ್ಲಿ ಜನ ಕಟ್ಟಿದ್ದು ಇರುತ್ತದೆ, ಖಾಲಿಯಿದ್ದರೆ ಮಾತ್ರ ತೆಗೆಯುತ್ತೇನೆ, ಇದನ್ನು ನನ್ನ ಹೆಂಡತಿಯ ಊರನ್ನು ಅಳಿಸಿ ಕಲಿತಿದ್ದೇನೆ — ಕೊನೆಯದನ್ನು ತೆಗೆಯೋಣವೇ ಎಂದು ಯೋಚಿಸಿದ, ಬಿಟ್ಟ, ಕಳಿಸಿದ. ನೋಡು, ಏಳು ಸಮುದ್ರದಾಚೆಯ ಮುಖವಿಲ್ಲದವನಿಗೆ ಒಪ್ಪಿಸಿಬಿಟ್ಟೆ, ಗೋಡೆಯಾಚೆ ಇರುವವಳಿಗೆ ಹೇಳಲು ನಾಲಿಗೆ ಏಳುವುದಿಲ್ಲ. ಶೇಕಡಾ ಅರವತ್ತು, ಗೋಡೆಯಾಚೆ ಈಗ ಧನ್ಯವಾದಗಳ ಭಾಗ ನಡೆಯುತ್ತಿದೆ, ಮುಖ್ಯೋಪಾಧ್ಯಾಯಿನಿಗೆ, ಚಿತ್ರಕಲೆಗೆ, ವಿಜ್ಞಾನಕ್ಕೆ, ಕೊನೆಗೆ ಎರಡು ವರ್ಷದಿಂದ ನಮ್ಮ ಊರನ್ನು ಒಂದು ದಿನವೂ ಬೀಳದಂತೆ ಕಾಪಾಡಿದ ನನ್ನ ಯಜಮಾನರಿಗೆ — ಕುರ್ಚಿ ಕಿರ್ರೆಂದಿತು, ಅವನು ಅಲ್ಲಾಡಿರಲಿಲ್ಲ ಎಂದು ಅವನ ನಂಬಿಕೆ.

ಮೂರೂ ಇಪ್ಪತ್ತಕ್ಕೆ ಸರ್ವರ್ ಎದ್ದಿತು. ಎದ್ದರೆ ಸಾಲದು, ಇಪ್ಪತ್ಮೂರು ದಿನದಲ್ಲಿ ಏನು ಹೋಗಿದೆಯೆಂದು ನೋಡಬೇಕಲ್ಲ, ನೋಡಲು ಒಳಗೆ ಹೋಗಬೇಕು, ಹೆಸರೇನು ಎಂದು ಆಟ ಕೇಳಿತು, ನಾಲ್ಕು ವರ್ಷದಿಂದ ಇದನ್ನು ಕಟ್ಟಿ ಕಟ್ಟಿ ಕಳಿಸುತ್ತಿದ್ದಾನೆ, ಅವನ ಹೆಸರು ಇದಕ್ಕೆ ಗೊತ್ತಿಲ್ಲ, ಪೊಟ್ಟಣ ಎಂದು ಬರೆದು ಎಂಟರ್ ಒತ್ತಿದ, ಒಂದು ಬೀದಿಯಲ್ಲಿ ಇಳಿದ, ಮುಂದಕ್ಕೆ ಹೋಗಲು ಒತ್ತಿದ, ಹಿಂದಕ್ಕೆ ಹೋದ, ಗೋಡೆಗೆ ಬೆನ್ನು ತಗುಲಿತು, ಮುಖ್ಯೋಪಾಧ್ಯಾಯಿನಿಯವರ ಬಗ್ಗೆ ನಿನ್ನೆ ತಾನೂ ನಕ್ಕದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಗೋಡೆ ನೂಲು ಹಿಡಿದಂತಿದೆ, ಬೀದಿ ಬೀದಿಯನ್ನು ಕತ್ತರಿಸುವಲ್ಲೆಲ್ಲ ಮೂಲೆಮಟ್ಟ ಇಟ್ಟು ನೋಡಬಹುದು, ಒಂದು ಬಾವಿ, ಒಂದು ಶಾಲೆ, ಶಾಲೆಯ ಬಾಗಿಲಿಗೆ ಆರಡಿ ಎತ್ತರದ ಬೀಗ, ಅದು ರಜೆಯ ಮೇಲಿನ ಪ್ರೀತಿಯಿರಬೇಕು, ತಿರುವಿನಲ್ಲಿ ಒಂದು ಪುಟ್ಟ ಗೂಡು, ಒಳಗೆ ಹುಲ್ಲಿನ ಮನುಷ್ಯ, ಹುಲ್ಲಿಗೆ ಇವನದೇ ಥರದ ಕನ್ನಡಕ, ಮುಂದೆ ಬೋರ್ಡು, ಊರಿನ ಯಜಮಾನರು, ಆಗಾಗ ನಮ್ಮನ್ನೆಲ್ಲ ಬಂದ್ ಮಾಡಿ ಮತ್ತೆ ಶುರು ಮಾಡುವರು, ದೂರುಗಳನ್ನು ಸ್ವೀಕರಿಸುವುದಿಲ್ಲ. ಇದು ಚಿತ್ರಕಲೆಯ ಕೈ, ಹೊಟ್ಟೆಯನ್ನು ಸ್ವಲ್ಪ ಹೆಚ್ಚೇ ಮಾಡಿದ್ದಾರೆ, ಎಷ್ಟು ದಿನದಿಂದ ಇಲ್ಲಿ ಕೂತಿದ್ದಾನೋ ಹುಲ್ಲಿನವನು, ಊರಿಗೆ ಬಂದು ಹೋಗುವವರೆಲ್ಲ ಇವನಿಗೊಂದು ಮಾತು ಹೇಳಿ ಹೋಗಿರಬೇಕು, ಆಮೇಲೆ ನದಿ, ಆಮೇಲೆ ಸೇತುವೆ.

ಎಂಥ ಸೇತುವೆ, ಕಮಾನಿನ ಮೇಲೆ ಕಮಾನು, ಈ ದಡದಿಂದ ಎದ್ದು ಹೋಗುತ್ತದೆ, ಆ ದಡದಿಂದ ಎದ್ದು ಬರುತ್ತದೆ, ನಡುವೆ ಇಲ್ಲ. ತುದಿಯವರೆಗೆ ಹೋಗಿ ನಿಂತು ಎಣಿಸಿದ, ಒಂಬತ್ತು ಚೌಕ, ಒಂಬತ್ತು ಚೌಕದಷ್ಟು ಬರೀ ನೀರು, ಇಪ್ಪತ್ಮೂರು ದಿನದಲ್ಲಿ ಅವರು ಕಟ್ಟಿದ್ದು ಇಷ್ಟೇ, ಹತ್ತು ಮಂದಿ ಹರಟೆ ಹೊಡೆಯುತ್ತ ಕಟ್ಟುವಾಗ ಇಷ್ಟೇ ಆದೀತು, ಇಷ್ಟೇ ತಾನೇ, ತುಂಬಿಬಿಡುತ್ತೇನೆ, ಯಾರಿಗೂ ತಿಳಿಯದಂತೆ, ಕಲ್ಲು ಎಲ್ಲಿ ಸಿಗುತ್ತದೋ ಗೊತ್ತಿಲ್ಲ, ದಡದಲ್ಲಿದ್ದ ಯಾರದೋ ಹೂವಿನ ಪಾತಿಯನ್ನು ಅಗೆದ, ಮಣ್ಣು ಬಂತು, ಹೂವು ಹೋಯಿತು, ಮಣ್ಣನ್ನು ತಂದು ಸೇತುವೆಯ ತುದಿಗೆ ಒಂದು ಚೌಕ ಇಟ್ಟ, ಬಿಳಿ ಹಲ್ಲುಗಳ ಸಾಲಿನಲ್ಲಿ ಹುಳುಕು ಹಲ್ಲಿನ ಹಾಗೆ ಕಂಡಿತು, ಕಿತ್ತ, ಕೀಳುವಾಗ ಪಕ್ಕದ ಬಿಳಿ ಕಲ್ಲೂ ಒಂದು ಕಿತ್ತು ನೀರಿಗೆ ಬಿತ್ತು, ಈಗ ಹತ್ತು ಚೌಕ. ಗಡಿಯಾರ ಮೂರೂ ಮೂವತ್ತೆಂಟು. ನಡುಮನೆಯಲ್ಲಿ ಭಾಷಣ ನಿಂತಿದೆ, ಯಾವಾಗ ನಿಂತಿತೋ, ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತು, ಲಂಬಕೋನ ಬಂದಿದ್ದಾರೆ. ಲಂಬಕೋನ ಯಾರು ಎಂದು ಬೇರೆ ಹೇಳಬೇಕೇ, ಆಚೆ ದಡದ ತೋಟದಿಂದ ಹಳದಿ ಅಂಗಿಯ ಒಂದು ಪುಟ್ಟ ಆಕೃತಿ ಬರುತ್ತಿದೆ, ಸೇತುವೆ ಹತ್ತುತ್ತಿದೆ, ನೇರವಾಗಿ, ಒಂದು ಹೆಜ್ಜೆಯೂ ಅತ್ತಿತ್ತಲಿಲ್ಲದೆ, ನಡುವಿಗೆ ಬಂದು ತಟ್ಟನೆ ನಿಂತಿತು. ಅತ್ತ ತುದಿಯಲ್ಲಿ ಅವಳು, ಇತ್ತ ತುದಿಯಲ್ಲಿ ಇವನು, ಹತ್ತು ಚೌಕ ನೀರು. ಇನ್ನು ಗೋಡೆಯ ಹಿಂದೆ ಅವಿತು ಪ್ರಯೋಜನವಿಲ್ಲ, ಒಂದೊಂದೇ ಅಕ್ಷರ ಒತ್ತಿದ, ನಾನೇ ಕಣೇ, ಪ್ಯಾಕೇಜ್ ಪರೀಕ್ಷೆ ಮಾಡೋಕೆ ಹೋಗಿ ನಿನ್ನ ಊರನ್ನೇ ಅಳಿಸ್ದೆ, ಹಳೇ ನಕಲಿಂದ ತಂದಿದ್ದೀನಿ, ಮಧ್ಯಾಹ್ನ ಕೇಳಿದಾಗ ಸುಳ್ಳು ಹೇಳ್ದೆ. ಕಳಿಸಿದ.

ಎಷ್ಟು ದಿನದ್ದು ಹೋಯ್ತು, ಎಂದು ಪರದೆಯ ಮೇಲೆ ಲಂಬಕೋನ. ಇಪ್ಪತ್ಮೂರು. ಹಳದಿ ಅಂಗಿ ತಲೆ ಬಗ್ಗಿಸಿ ನೀರು ನೋಡುತ್ತಿದೆ, ಆಮೇಲೆ — ಬಿಳಿ ಕಲ್ಲು ಶಾಲೆ ಹಿಂದಿನ ಗೋದಾಮಲ್ಲಿದೆ, ಎಡಗಡೆ ಎರಡನೇ ಪೆಟ್ಟಿಗೆ, ತಗೊಂಡ್ಬನ್ನಿ, ಅವರಿಗೆ ನಾನು ನಾಲ್ಕೂವರೆ ಅಂತ ಹೇಳ್ತೀನಿ, ನೀವು ಆ ಕಡೆಯಿಂದ ಇಡಿ ನಾನು ಈ ಕಡೆಯಿಂದ. ಅಬ್ಬಾ ಎಂದು ಉಸಿರು ಬಿಟ್ಟ, ಇಷ್ಟೇನಾ, ಇಷ್ಟಕ್ಕೇ ನಾನು ಮಧ್ಯಾಹ್ನದಿಂದ ಬೆವರಿಳಿಸಿಕೊಂಡು ಕೂತಿದ್ದೆನಾ, ಎಂಥ ಹೆಂಡತಿ, ಬೇರೆ ಯಾರಾದರೂ ಆಗಿದ್ದರೆ ಕೀಬೋರ್ಡು ತಲೆಯ ಮೇಲಿರುತ್ತಿತ್ತು, ಗೋದಾಮಿಗೆ ಓಡಿದ, ದಾರಿಯಲ್ಲಿ ಗೋಡೆಗೆ ಎರಡು ಸಲ ಮಾತ್ರ ಡಿಕ್ಕಿ, ಎಡಗಡೆ ಎರಡನೇ ಪೆಟ್ಟಿಗೆ, ಬಿಳಿ ಕಲ್ಲು ತುಂಬಿಕೊಂಡು ಹುಲ್ಲಿನವನ ಮುಂದಿನಿಂದ ವಾಪಸು ಬಂದ, ಹೇಗಿದ್ದೀಯಪ್ಪ ಎಂದು ಅವನನ್ನು ಮಾತಾಡಿಸುವಷ್ಟು ಹುರುಪು, ಹತ್ತು ಚೌಕ, ಆಚೆಗೆ ಐದು ಈಚೆಗೆ ಐದು, ಹತ್ತು ನಿಮಿಷದ ಕೆಲಸ, ಮುಖ್ಯೋಪಾಧ್ಯಾಯಿನಿ ಹಿಂದಕ್ಕೆ ನಡೆದರೂ ದಾಟುತ್ತಾರೆ, ತುದಿಗೆ ಬಂದು ಮೊದಲ ಕಲ್ಲನ್ನು ಕೈಗೆ ತೆಗೆದುಕೊಂಡ, ಅವಳೂ ಆಚೆ ತುದಿಯಲ್ಲಿ ಕಲ್ಲು ಹಿಡಿದಿದ್ದಾಳೆ, ಇಡಲಿಲ್ಲ. ಹಾಗಾದ್ರೆ ದೀಪಗಳೂ ಹೋದ್ವು, ಎಂದು ಪರದೆಯ ಮೇಲೆ.

ದೀಪ ಇತ್ತಾ, ಎಂದು ಒತ್ತಿಬಿಟ್ಟ. ಎಂಟರ್ ಒತ್ತಿದ ಬೆರಳು ಇನ್ನೂ ಮೇಲೆದ್ದಿರಲಿಲ್ಲ, ಏನು ಕೇಳಿದೆ ಎಂದು ತಿಳಿಯಿತು. ಕಳಿಸಿದ ಮಾತನ್ನು ವಾಪಸು ತರುವ ಕಮಾಂಡು ಇದರಲ್ಲಿಲ್ಲ, ಯಾವುದರಲ್ಲೂ ಇಲ್ಲ, ಇಷ್ಟು ಹೊತ್ತು ಇದ್ದದ್ದು ಹೆದರಿಕೆ, ಈಗ ಬಂದದ್ದು ನಾಚಿಕೆ, ಕಿವಿಯವರೆಗೂ ಬಿಸಿಯಾಗಿ — ಸೇತುವೆ ಹೋದದ್ದನ್ನು ನಕಲು ನೋಡಿ ಎಣಿಸಿದ, ದೀಪ ಹೋದದ್ದನ್ನು ಯಾವ ನಕಲಿನಲ್ಲಿ ಹುಡುಕುತ್ತಾನೆ, ಎರಡು ವರ್ಷದಲ್ಲಿ ಅವಳು ಕರೆದಾಗ ಒಮ್ಮೆಯಾದರೂ ಬಂದು ನೋಡಿದ್ದರೆ ತಾನೇ. ಗೋಡೆಯಾಚೆಯಿಂದ ಅವಳ ಧ್ವನಿಯೇ ಬಂತು, ಭಾಷಣದ್ದಲ್ಲ, ಮನೆಯದ್ದು, ಸಣ್ಣದು, ಇತ್ತು ಕಣ್ರೀ, ಸಾಲಾಗಿ ಇತ್ತು, ನೀರಲ್ಲಿ ಕಾಣ್ತಿತ್ತು. ಎಷ್ಟಿತ್ತು, ಯಾವ ಬಣ್ಣ, ಯಾರು ಹಚ್ಚಿದ್ದು, ಕೇಳಬೇಕು. ಪರದೆಯ ಮೂಲೆಯಲ್ಲಿ ಚಿತ್ರಕಲೆ ಬಂದಿದ್ದಾರೆ, ವಿಜ್ಞಾನ ಬಂದಿದ್ದಾರೆ. ಅವನ ಕೈಯಲ್ಲಿ ಬಿಳಿ ಕಲ್ಲು. ಅವಳ ಕೈಯಲ್ಲಿ ಬಿಳಿ ಕಲ್ಲು. ನಡುವೆ ನೀರು, ಹತ್ತು ಚೌಕ, ಸಾಲಾಗಿ ಇತ್ತಂತೆ, ನೀರಲ್ಲಿ ಕಾಣುತ್ತಿತ್ತಂತೆ, ಬಗ್ಗಿ ನೋಡಿದ, ನೀರು, ಹತ್ತು ಚೌಕ, ಬರೀ ನೀರು.